ನೆಲಹಾಸಿಲ್ಲದ ಟಾರ್ಪ್ ಡೇರೆ

ನೆಲಹಾಸಿಲ್ಲದ ಟಾರ್ಪ್ ಡೇರೆಯು ಚಾರಣ ಮತ್ತು ಶಿಬಿರಗಳಲ್ಲಿ ಬಳಸುವ ಹಗುರವಾದ ತಾತ್ಕಾಲಿಕ ವಸತಿ. ಮಳೆ, ಗಾಳಿ, ಬಿಸಿಲುಗಳನ್ನು ತಡೆಯುವ ಹೊರಹೊದಿಕೆ ಮಾತ್ರ ಇದರಲ್ಲಿರುತ್ತದೆ. ಸಾಮಾನ್ಯ ಡೇರೆಗಳಲ್ಲಿರುವಂತೆ ಗೋಡೆಗೆ ಹೊಲಿದು ಸೇರಿಸಿದ ಜಲನಿರೋಧಕ ನೆಲಹಾಸು ಇರುವುದಿಲ್ಲ. ಇದರಿಂದ ಹೊರೆಯೂ ವೆಚ್ಚವೂ ತಗ್ಗುತ್ತವೆ. ಆದರೆ ನೀರು, ತೇವ ಹಾಗೂ ಕ್ರಿಮಿಕೀಟಗಳನ್ನು ದೂರವಿಡುವ ನೆಲಹಾಸಿನ ಕೆಲಸವನ್ನು ಬಳಸುವವರು ಸ್ಥಳದ ಆಯ್ಕೆಯಿಂದಲೂ ಡೇರೆ ಕಟ್ಟುವ ಕೌಶಲದಿಂದಲೂ ಪೂರೈಸಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ತಳವಿಲ್ಲದ ಡೇರೆ ಹೊಸ ಕಲ್ಪನೆಯಲ್ಲ. ಉತ್ತರ ಯೂರೋಪಿನ ಸಾಮಿ ಜನರು ಲಾವ್ವು ಎಂಬ ಶಂಕುವಿನಾಕಾರದ ಡೇರೆಯ ನಡುವೆ ಬೆಂಕಿ ಉರಿಸಿ, ನೆಲದ ಮೇಲೆ ಬರ್ಚ್ ಮರದ ರೆಂಬೆಗಳನ್ನೂ ಹಿಮಸಾರಂಗದ ತೊಗಲನ್ನೂ ಹಾಸಿ ಮಲಗುತ್ತಿದ್ದರು. 1955ರಲ್ಲಿ ಎಮ್ಮಾ ಗೇಟ್‌ವುಡ್ ತಮ್ಮ 67ನೆಯ ವಯಸ್ಸಿನಲ್ಲಿ ಅಮೆರಿಕದ ಅಪಲೇಚಿಯನ್ ಟ್ರೇಲ್ ಎಂಬ ದೀರ್ಘ ಕಾಲುದಾರಿಯನ್ನು ಒಂಟಿಯಾಗಿ ಕ್ರಮಿಸಿದರು. ಅವರು ಡೇರೆಯನ್ನೇ ಒಯ್ಯದೆ, ಮಳೆಯ ರಕ್ಷಣೆಗಾಗಿ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯೊಂದನ್ನು ಬಳಸಿದ್ದರು. 1990ರ ದಶಕದಲ್ಲಿ ರೇ ಜಾರ್ಡೀನ್ ತಮ್ಮ ಚಾರಣ ಕೈಪಿಡಿಗಳ ಮೂಲಕ ಟಾರ್ಪ್ ಬಳಕೆಯನ್ನು ಹಗುರ ಹೊರೆಯ ಚಾರಣಿಗರಲ್ಲಿ ಜನಪ್ರಿಯಗೊಳಿಸಿದರು.

ರಚನೆ

ಹೊದಿಕೆಯನ್ನು ಸಾಮಾನ್ಯವಾಗಿ ಸಿಲಿಕೋನ್ ಲೇಪಿತ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯಿಂದ ತಯಾರಿಸುತ್ತಾರೆ. ಚಾರಣದ ಕೋಲುಗಳನ್ನೇ ಕಂಬವಾಗಿ ನಿಲ್ಲಿಸಿ, ಅಂಚುಗಳನ್ನು ಹಗ್ಗ ಮತ್ತು ಗೂಟಗಳಿಂದ ಬಿಗಿಯಲಾಗುತ್ತದೆ. ಎರಡು ಇಳಿಜಾರಿನ ಮಾಡಿನಂತಹ ರೂಪವೂ ಪಿರಮಿಡ್ ರೂಪವೂ ಹೆಚ್ಚು ಬಳಕೆಯಲ್ಲಿವೆ. 3 ಮೀಟರ್ ಉದ್ದ, 3 ಮೀಟರ್ ಅಗಲದ ತೆಳು ನೈಲಾನ್ ಟಾರ್ಪ್ ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ.

ಅನುಕೂಲಗಳು

* ತೂಕ ಕಡಿಮೆ. ಮಡಿಚಿದಾಗ ಚೀಲದಲ್ಲಿ ಅಲ್ಪ ಜಾಗ ಸಾಕು.
* ಅಂಚುಗಳನ್ನು ಎತ್ತರಿಸಿ ಕಟ್ಟಿದಾಗ ಗಾಳಿ ಚೆನ್ನಾಗಿ ಆಡುತ್ತದೆ. ಉಸಿರಿನ ಆವಿ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುವುದು ಇದರಿಂದ ತಗ್ಗುತ್ತದೆ.
* ಕೆಸರಾದ ಬೂಟುಗಳನ್ನೂ ಒದ್ದೆಯಾದ ಚೀಲವನ್ನೂ ಒಳಗೆ ತರಬಹುದು. ತೊಳೆದು ಒಣಗಿಸಬೇಕಾದ ನೆಲಹಾಸು ಇರುವುದಿಲ್ಲ.
* ಹಿಮದಲ್ಲಿ ಒಳಭಾಗವನ್ನು ಅಗೆದು ಕುಳಿತುಕೊಳ್ಳಲು ಎತ್ತರವನ್ನು ಪಡೆಯಬಹುದು.

ಅನಾನುಕೂಲಗಳು

* ತಗ್ಗಿನಲ್ಲಿ ಕಟ್ಟಿದರೆ ಮಳೆನೀರು ನೇರವಾಗಿ ಹಾಸಿಗೆಯಡಿಗೆ ಹರಿಯುತ್ತದೆ. ಜೋರುಮಳೆಯಲ್ಲಿ ಅಂಚಿನಿಂದ ಎರಚಲೂ ಸಿಡಿಯುತ್ತದೆ.
* ಒದ್ದೆನೆಲದಿಂದ ಏಳುವ ತೇವ ತಡೆಯಿಲ್ಲದೆ ಒಳಸೇರುತ್ತದೆ. ಹೊದಿಕೆಯನ್ನು ನೆಲದವರೆಗೆ ಇಳಿಸಿದಾಗ ಇದು ಹೆಚ್ಚು.
* ಸೊಳ್ಳೆ, ಇರುವೆ, ಚೇಳು, ಹಾವುಗಳಿಗೆ ತಡೆಯಿರುವುದಿಲ್ಲ.
* ಗೂಟಗಳ ಬಿಗಿತವನ್ನೇ ಅವಲಂಬಿಸಿರುವುದರಿಂದ ಬಂಡೆ ಅಥವಾ ಸಡಿಲ ಮರಳಿನ ಮೇಲೆ ನಿಲ್ಲಿಸುವುದು ಕಷ್ಟ. ನೈಲಾನ್ ಒದ್ದೆಯಾದಾಗ ಹಿಗ್ಗುವುದರಿಂದ ಹಗ್ಗಗಳನ್ನು ಮತ್ತೆ ಬಿಗಿಯಬೇಕಾಗುತ್ತದೆ.

ಭಾರತದ ಸಂದರ್ಭ

ತಂಪು ದೇಶಗಳ ಅನುಭವವನ್ನು ಆಧರಿಸಿದ ಸಲಹೆಗಳು ಭಾರತಕ್ಕೆ ಪೂರ್ಣವಾಗಿ ಅನ್ವಯಿಸುವುದಿಲ್ಲ. ಭಾರತದಲ್ಲಿ ಕಂಡುಬರುವ ಕಟ್ಟುಹಾವು ರಾತ್ರಿಸಂಚಾರಿ. ನೆಲದ ಮೇಲೆ ಮಲಗಿದವರನ್ನು ಅದು ನಿದ್ರೆಯಲ್ಲಿ ಕಚ್ಚಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕಡಿತದಲ್ಲಿ ನೋವು ಬಹಳ ಕಡಿಮೆಯಿರುವುದರಿಂದ ಅದು ಅರಿವಿಗೆ ಬಾರದೆಯೂ ಹೋಗಬಹುದು. ಮಳೆಗಾಲದ ಮಲೆನಾಡಿನಲ್ಲಿ ಉಂಬಳಗಳ ಕಾಟವೂ ಇರುತ್ತದೆ. ಆದುದರಿಂದ ಇಲ್ಲಿ ಬರಿಯ ಟಾರ್ಪ್ ಸಾಲದು. ತಳವಿರುವ ಒಳಬಲೆಯನ್ನು ಟಾರ್ಪಿನ ಕೆಳಗೆ ತೂಗುಹಾಕುವುದು, ಇಲ್ಲವೇ ಸೊಳ್ಳೆಪರದೆಯುಳ್ಳ ತೂಗುಮಂಚದ ಮೇಲೆ ಟಾರ್ಪನ್ನು ಮಾಡಾಗಿ ಕಟ್ಟುವುದು ಸುರಕ್ಷಿತ ಕ್ರಮ.

ಬಳಕೆಯ ಕ್ರಮ

ನೀರು ಹರಿದ ಗುರುತಿಲ್ಲದ, ಸುತ್ತಲಿಗಿಂತ ತುಸು ಎತ್ತರದ ನೆಲವನ್ನು ಬೆಳಕಿರುವಾಗಲೇ ಆರಿಸಬೇಕು. ಒಣಗಿದ ಕೊಂಬೆಗಳುಳ್ಳ ಮರದಡಿ ಹಾಗೂ ಹಳ್ಳದ ಪಾತ್ರದಲ್ಲಿ ಕಟ್ಟಬಾರದು. ಗಾಳಿ ಬೀಸುವ ಕಡೆಯ ಅಂಚನ್ನು ತಗ್ಗಿಸಿ ಬಿಗಿಯಬೇಕು. ಹಾಸಿಗೆಯಡಿ ಹಾಸುವ ಪ್ಲಾಸ್ಟಿಕ್ ಹಾಳೆಯು ಹೊದಿಕೆಯ ಅಂಚಿನಿಂದಾಚೆ ಚಾಚಿಕೊಂಡಿರಬಾರದು. ಹಾಗಿದ್ದರೆ ಮಳೆನೀರು ಅದರ ಮೇಲೆಯೇ ಒಳಗೆ ಬರುತ್ತದೆ. ಡೇರೆಯ ಸುತ್ತ ಕಾಲುವೆ ತೋಡುವ ಹಳೆಯ ರೂಢಿಯು ಮಣ್ಣಿನ ಸವೆತಕ್ಕೆ ಕಾರಣವಾಗುವುದರಿಂದ ಈಗ ಅದನ್ನು ಪ್ರೋತ್ಸಾಹಿಸುವುದಿಲ್ಲ. ನೆಲಹಾಸಿಲ್ಲವೆಂಬ ಧೈರ್ಯದಿಂದ, ಅಂಚುಗಳನ್ನು ಮುಚ್ಚಿದ ಡೇರೆಯೊಳಗೆ ಒಲೆ ಅಥವಾ ಇದ್ದಿಲು ಉರಿಸುವುದು ಅಪಾಯಕಾರಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವು ಪ್ರಾಣಹಾನಿ ಉಂಟುಮಾಡಬಲ್ಲದು.

ಒಣಹವೆಯ ದಿನಗಳಲ್ಲಿ, ಡೇರೆ ಕಟ್ಟುವ ಅಭ್ಯಾಸವುಳ್ಳವರಿಗೆ ಈ ಡೇರೆ ಅನುಕೂಲಕರ. ಹೊಸಬರಿಗೆ, ಮಕ್ಕಳೊಂದಿಗೆ ಹೋಗುವವರಿಗೆ ಹಾಗೂ ಮಳೆಗಾಲದ ಶಿಬಿರಗಳಿಗೆ ನೆಲಹಾಸುಳ್ಳ ಡೇರೆಯೇ ಹೆಚ್ಚು ಸೂಕ್ತ.