ತಲೆಸುತ್ತಿಗೆ ತಲೆಯಾಡಿಸುವ ಮದ್ದು

ಹೆಬ್ಬೆರಳನ್ನು ಕಣ್ಣೆದುರು ಹಿಡಿದು, ಉಗುರಿನ ಮೇಲೆ ದೃಷ್ಟಿ ನೆಟ್ಟು, ‘ಇಲ್ಲ, ಇಲ್ಲ’ ಎನ್ನುವಂತೆ ತಲೆಯನ್ನು ಬೇಗ ಬೇಗ ಆಡಿಸಿ. ಉಗುರು ನಿಚ್ಚಳವಾಗಿಯೇ ಕಾಣುತ್ತದೆ. ತಲೆ ಬಲಕ್ಕೆ ತಿರುಗಿದಷ್ಟೇ ಕಣ್ಣು ಎಡಕ್ಕೆ ಸರಿಯುವಂತೆ ಒಳಗಿವಿಯೂ ಮಿದುಳೂ ಸೇರಿ ನೋಡಿಕೊಳ್ಳುತ್ತವೆ. ವೈರಸ್ ಸೋಂಕಿನಿಂದಲೋ ಗಡ್ಡೆ ತೆಗೆದ ಶಸ್ತ್ರಚಿಕಿತ್ಸೆಯಿಂದಲೋ ಒಂದು ಕಿವಿಯ ಈ ಶಕ್ತಿ ಹೋದವರಿಗೆ ಅದೇ ಉಗುರು ಕಲಸಿಹೋಗುತ್ತದೆ. ನಡೆಯುತ್ತಾ ಅಂಗಡಿ ಬೋರ್ಡು ಓದಲಾಗದು. ರಸ್ತೆ ದಾಟಲು ಕತ್ತು ಹೊರಳಿಸಿದರೆ ನೆಲವೇ ಜಾರಿದಂತಾಗುತ್ತದೆ.

ಅಂಥವರಿಗೆ ಫಿಸಿಯೋಥೆರಪಿಸ್ಟ್ ಕೊಡುವ ಮದ್ದು ಇದೇ ತಲೆಯಾಟ. ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದು ಇನ್ನೇನು ಮಸುಕಾಗಬೇಕು ಎನ್ನುವವರೆಗೆ ತಲೆಯ ವೇಗ ಹೆಚ್ಚಿಸುತ್ತಾರೆ. ಕಣ್ಣೊಳಗೆ ಬಿಂಬ ಜಾರಿದಾಗಲೇ ಮಿದುಳಿಗೆ ತನ್ನ ಲೆಕ್ಕ ತಪ್ಪಿದ್ದು ತಿಳಿಯುವುದು, ತಿದ್ದಿಕೊಳ್ಳುವುದೂ ಆಗಲೇ. ದಿನಕ್ಕೆ ಹಲವು ಸಲ, ಮೊದಲು ಕುಳಿತು, ಆಮೇಲೆ ನಿಂತು, ಕೊನೆಗೆ ನಡೆಯುತ್ತಾ. ಆರಂಭದಲ್ಲಿ ಸುತ್ತು ಹೆಚ್ಚುತ್ತದೆ, ಹೊಟ್ಟೆ ತೊಳಸುತ್ತದೆ. ಎಷ್ಟೋ ರೋಗಿಗಳು ಕೈಬಿಡುವುದು ಈ ಹಂತದಲ್ಲೇ. ಎಷ್ಟು ಸುತ್ತು ಬರಿಸಬೇಕು, ಎಲ್ಲಿ ನಿಲ್ಲಿಸಬೇಕು, ಹೆದರಿದವರಿಗೆ ಏನೆಂದು ಧೈರ್ಯ ಹೇಳಬೇಕು ಎಂಬ ಹದ ತಿಳಿದವರೇ ಈ ವಿದ್ಯೆಯಲ್ಲಿ ಪಳಗಿದವರು.

ಇದರ ಬೇರು 1940ರ ದಶಕದ ಲಂಡನ್ನಿನಲ್ಲಿದೆ. ಕಿವಿ ಶಸ್ತ್ರವೈದ್ಯ ಕಾಥಾರ್ನ್ ಮತ್ತು ಅವರ ಸಹವೈದ್ಯ ಕುಕ್ಸಿ, ತಲೆಸುತ್ತಿನಿಂದ ಮಂಚ ಹಿಡಿದವರನ್ನು ಎಬ್ಬಿಸಿ, ಗುಂಪಾಗಿ ನಿಲ್ಲಿಸಿ, ಕತ್ತು ತಿರುಗಿಸುವ, ಚೆಂಡು ಎಸೆದು ಹಿಡಿಯುವ ವ್ಯಾಯಾಮ ಮಾಡಿಸಿದರು. ಮಲಗಿದವರಿಗಿಂತ ಅಲುಗಾಡಿದವರು ಬೇಗ ಚೇತರಿಸಿಕೊಂಡಿದ್ದನ್ನು ಅವರು ಕಂಡಿದ್ದರು.

ಕಂಡದ್ದನ್ನು ಅಳೆದು ತೋರಿಸುವ ಕೆಲಸದಲ್ಲಿ ಮುಖ್ಯರಾದವರು ಅಮೆರಿಕದ ಫಿಸಿಯೋಥೆರಪಿಸ್ಟ್ ಸೂಸನ್ ಹರ್ಡ್‌ಮನ್. ಮುಂದೆ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಅವರು ಸಂಪಾದಿಸಿದ ಈ ಚಿಕಿತ್ಸೆಯ ಗ್ರಂಥ 1994ರಲ್ಲಿ ಬಂತು. ಮರುವರ್ಷದ ಅಧ್ಯಯನದಲ್ಲಿ, ಶ್ರವಣನರದ ಗಡ್ಡೆ ತೆಗೆಸಿಕೊಂಡವರಿಗೆ ಕೆಲವೇ ದಿನಗಳಲ್ಲಿ ತಲೆಯಾಟ ಶುರು ಮಾಡಿಸಿದರು. ನನಗೆ ಅವರ 2003ರ ಅಧ್ಯಯನದ ಮೇಲೆ ವಿಶೇಷ ಗೌರವ. ಒಂದು ಗುಂಪಿಗೆ ತಲೆಯಾಡಿಸುವ ವ್ಯಾಯಾಮ, ಇನ್ನೊಂದಕ್ಕೆ ತಲೆ ಅಲುಗಿಸದೆ ಬರೀ ಕಣ್ಣು ಹೊರಳಿಸುವ ವ್ಯಾಯಾಮ. ತಲೆ ಆಡುವಾಗಲೂ ಅಕ್ಷರ ಓದುವ ಶಕ್ತಿ ಮರಳಿದ್ದು ಮೊದಲ ಗುಂಪಿಗೆ. ‘ಕಾಲ ಕಳೆದರೆ ತಾನೇ ಸರಿಹೋಗುತ್ತದೆ’ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೇ ಗಿರ್ರನೆ ತಿರುಗುವುದು ಬೇರೆ ತೊಂದರೆ. ಒಳಗಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ಅರ್ಧವೃತ್ತಾಕಾರದ ನಾಳಕ್ಕೆ ಇಳಿದಿರುತ್ತವೆ. ರೋಗಿಯ ಕತ್ತು ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆಯ ಅದುರಾಟ ನೋಡಿ ಯಾವ ಕಿವಿಯೆಂದು ಗುರುತಿಸುತ್ತಾರೆ. ಪೋರ್ಟ್‌ಲೆಂಡಿನ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಹೊರಗೆ ಜಾರಿಸುತ್ತಾರೆ. ಕೆಲವೇ ನಿಮಿಷದ ಕೆಲಸ; ಎಷ್ಟೋ ಜನರಿಗೆ ಒಂದೇ ಸಲಕ್ಕೆ ವಾಸಿ.

ನಮ್ಮಲ್ಲಿ ತಲೆ ತಿರುಗಿದರೆ ಪಿತ್ತವೆಂದು ನಿಂಬೆ ಪಾನಕ, ಬಿಪಿಯೆಂದು ಒಂದು ಪರೀಕ್ಷೆ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಸುತ್ತನ್ನು ಅದುಮುವ ಮಾತ್ರೆ ಮೊದಲ ಕೆಲವು ದಿನಕ್ಕೆ ಸರಿ. ಬಹುಕಾಲ ನುಂಗಿದರೆ ಮಿದುಳು ತಿದ್ದಿಕೊಳ್ಳುವುದೇ ನಿಧಾನವಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಒಳಗಿವಿಯ ಸಮತೋಲನದ ಬಗ್ಗೆ ಸಂಶೋಧನೆ ನಡೆದಿದೆ. ಆದರೂ ಫಿಸಿಯೋಥೆರಪಿ ಎಂದರೆ ಮಂಡಿನೋವು, ಸೊಂಟನೋವು ಎಂಬ ಎಣಿಕೆ ನಮ್ಮ ಊರುಗಳಲ್ಲಿ ಇನ್ನೂ ಬದಲಾಗಿಲ್ಲ. ಬೀಳುವ ಭಯಕ್ಕೆ ದೇವಸ್ಥಾನಕ್ಕೂ ಹೋಗದೆ ಕುರ್ಚಿ ಹಿಡಿದು ಕುಳಿತ ಅಜ್ಜಿಯರು ಎಷ್ಟು ಮನೆಗಳಲ್ಲಿಲ್ಲ!

ತಲೆಸುತ್ತಿನ ಜೊತೆ ಮಾತು ತೊದಲಿದರೆ, ವಸ್ತು ಎರಡೆರಡಾಗಿ ಕಂಡರೆ, ಕೈಕಾಲು ಸೋತರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಿ. ಉಳಿದಂತೆ, ಮಾತ್ರೆಯ ಚೀಟಿ ಇನ್ನೊಮ್ಮೆ ಬರೆಸಿಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ: ‘ಡಾಕ್ಟ್ರೇ, ಇದಕ್ಕೆ ವ್ಯಾಯಾಮ ಮಾಡಿಸುವವರು ಹತ್ತಿರದಲ್ಲಿ ಯಾರಿದ್ದಾರೆ?’