ಉಕ್ಕಡಂಗೆ ಒಂದು ದಿನ: ಮಕ್ಕಳಿಗೆ ಕೆರೆ, ಬಸ್ ಬೋರ್ಡು, ಎರಡು ಅಕ್ಷರಮಾಲೆ

ಶಾಲೆಗೆ ರಜೆ ಬಂತೆಂದರೆ ಮನೆಯಲ್ಲಿ ಒಂದೇ ಪ್ರಶ್ನೆ, "ಎಲ್ಲಿಗೆ ಕರೆದುಕೊಂಡು ಹೋಗ್ತೀರಿ?" ತಾಳವಾಡಿ, ಚಾಮರಾಜನಗರ ಕಡೆಯವರಿಗೆ ಮೈಸೂರು ಹೇಗೂ ಇದ್ದೇ ಇದೆ. ಘಾಟಿ ಇಳಿದರೆ ಕೊಯಮತ್ತೂರೂ ದೂರವೇನಲ್ಲ. ಅಲ್ಲಿಗೆ ಹೋದವರು ಬಟ್ಟೆ ಅಂಗಡಿ, ಆಸ್ಪತ್ರೆ ಮುಗಿಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಈ ಸಲ ಸಣ್ಣ ಮಕ್ಕಳಿದ್ದರೆ ಉಕ್ಕಡಂನಲ್ಲಿ ಅರ್ಧ ದಿನ ನಿಂತು ನೋಡಿ. ಖರ್ಚು ಕಡಿಮೆ, ಆಟ ಜಾಸ್ತಿ. ಜೊತೆಗೆ ನಮ್ಮಂಥ ಎರಡು ಭಾಷೆಯ ಮನೆಗಳಿಗೆ ಅಲ್ಲೊಂದು ಪಾಠವೂ ಇದೆ.

ಮೊದಲು ಆ ಪಾಠದ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂಬುದು ಗಡಿಯಲ್ಲಿ ಹೊಸದಲ್ಲ. 1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಯಮತ್ತೂರಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಡುಗೆಮನೆಯ ಮಾತು ಕನ್ನಡವೇ. ಆದರೆ ಮಾತು ಬೇರೆ, ಓದು ಬೇರೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ಕ್ಲಾಸಿನಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ತಮಿಳು ಕಲಿಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಶಾಲೆ ಸಿಗದ ಕಡೆ ಕನ್ನಡ ಅಕ್ಷರ ಕಲಿಸುವ ಜವಾಬ್ದಾರಿ ಮನೆಯವರ ತಲೆಗೇ ಬಂತು. ಅಜ್ಜಿಯ ಜೊತೆ ಕನ್ನಡದಲ್ಲಿ ಹರಟುವ ಮಗುವಿಗೆ ಅಜ್ಜಿ ಬರೆದ ಕಾಗದ ಓದಲು ಬಾರದು ಎಂದರೆ ನಷ್ಟ ಯಾರದು? ಹಾಗಂತ ರಜೆಯಲ್ಲಿ ಕೂರಿಸಿ ಕಾಗುಣಿತ ತಿದ್ದಿಸಿದರೆ ಮಗು ಓಡಿಹೋಗುತ್ತದೆ. ಆಟವೇ ಆಗಬೇಕು.

ಆಟ ಬಸ್ಸಿನಲ್ಲೇ ಶುರು. ಸತ್ಯಮಂಗಲದ ಕಡೆಯಿಂದ ಬರುವವರು ಗಾಂಧಿಪುರಂನಲ್ಲಿ ಇಳಿದು ಟೌನ್ ಬಸ್ ಹಿಡಿದು ಉಕ್ಕಡಂಗೆ ಹೋಗಬೇಕು. ಎದುರಿಗೆ ಬರುವ ಬಸ್ಸಿನ ಬೋರ್ಡು ಓದು ಎಂದು ಮಗುವಿಗೆ ಹೇಳಿ. ಕನ್ನಡ ಕಲಿತು ಈಗಷ್ಟೇ ತಮಿಳು ಅಕ್ಷರ ಕೂಡಿಸುತ್ತಿರುವ ಮಗುವಾದರೆ "ಕಾಂತಿಪುರಂ" ಎಂದೀತು. ನಗಬೇಡಿ, ಅದು ಸರಿಯಾಗಿಯೇ ಓದಿದೆ! ನಮ್ಮಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರ. ತಮಿಳಿನಲ್ಲಿ ಆ ನಾಲ್ಕಕ್ಕೂ ಒಂದೇ ಅಕ್ಷರ. ಚ, ಟ, ತ, ಪ ವರ್ಗಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಹಾಗಾದರೆ ಎಲ್ಲಿ 'ಕ', ಎಲ್ಲಿ 'ಗ' ಎಂದು ಗೊತ್ತಾಗುವುದು ಹೇಗೆ? ಉಕ್ಕಡಂ ಎಂಬ ಹೆಸರೇ ಹೇಳಿಕೊಡುತ್ತದೆ. ಅದರಲ್ಲಿ 'ಕ' ಒತ್ತಿ ಬಂದಿದೆ, ಆದ್ದರಿಂದ ಗಟ್ಟಿಯಾಗಿ 'ಕ್ಕ'. ಮುಂದಿನದು ತಮಿಳಿನಲ್ಲಿ 'ಟ' ಎಂದೇ ಬರೆದಿರುತ್ತದೆ. ಆದರೆ ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದದ್ದರಿಂದ ಮೆತ್ತಗಾಗಿ 'ಡ' ಆಗುತ್ತದೆ. ಪದದ ಮೊದಲಲ್ಲಿ ಗಟ್ಟಿ, ಒತ್ತಿದಲ್ಲಿ ಗಟ್ಟಿ, ಸ್ವರಗಳ ನಡುವೆ ಮೆತ್ತಗೆ, ಮೂಗಿನ ಅಕ್ಷರದ ಹಿಂದೆ ಬಂದರೂ ಮೆತ್ತಗೆ. ಪೊಳ್ಳಾಚಿ, ಪಾಲಕ್ಕಾಡು, ಸತ್ಯಮಂಗಲಂ ಎಲ್ಲವೂ ಈ ಲೆಕ್ಕಕ್ಕೆ ಕೂಡುತ್ತವೆ. ಗಾಂಧಿ ಮಾತ್ರ ಉತ್ತರದಿಂದ ಬಂದವರು, ಅವರ ಹೆಸರಿನ ಮೊದಲಕ್ಷರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಪೊಳ್ಳಾಚಿ, ಪಾಲಕ್ಕಾಡು ಬಸ್ಸುಗಳು ಹೊರಡುವುದು ಉಕ್ಕಡಂನಿಂದಲೇ ಆದ್ದರಿಂದ ಓದಲು ಬೋರ್ಡಿಗೆ ಬರವಿಲ್ಲ. ಹತ್ತು ಬೋರ್ಡು ಓದಿದರೆ ಒಂದು ಕಡಲೆಮಿಠಾಯಿ ಎಂದು ಪಂದ್ಯ ಕಟ್ಟಿ ನೋಡಿ.

ಉಕ್ಕಡಂ ದೊಡ್ಡಕೆರೆಗೆ ತಮಿಳಿನಲ್ಲಿ ಪೆರಿಯಕುಳಂ ಎಂದು ಹೆಸರು. ಸುಮಾರು 320 ಎಕರೆಯ ಕೆರೆ. ವೆಳ್ಳಿಯಂಗಿರಿ ಬೆಟ್ಟದ ಕಡೆ ಹುಟ್ಟಿ ಕೊನೆಗೆ ಕಾವೇರಿ ಸೇರುವ ನೊಯ್ಯಲ್ ಹೊಳೆಯ ನೀರು ಹಿಡಿಯಲು ಹಿಂದಿನವರು ಕಟ್ಟಿಕೊಂಡ ಸಾಲು ಕೆರೆಗಳಲ್ಲಿ ಇದೂ ಒಂದು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದಂಡೆಯ ಮೇಲೆ ನಡೆದಾಡುವ ದಾರಿ ಆಗಿದೆ, ಮಕ್ಕಳು ಓಡಾಡಲು ಜಾಗವಿದೆ. ಸ್ವಂತ ಕಾರಿನಲ್ಲಿ ಬರುವವರಿಗೆ ಒಂದು ಮಾತು: 2024ರ ಆಗಸ್ಟ್‌ನಲ್ಲಿ ತೆರೆದ ಮೇಲ್ಸೇತುವೆಯನ್ನು ಹತ್ತಿಬಿಟ್ಟರೆ ಕೆರೆ ಕೆಳಗೇ ಉಳಿದು ನೀವು ಆತ್ತುಪಾಲಂ ಕಡೆ ಹೋಗಿಬಿಡುತ್ತೀರಿ. ಕೆಳಗಿನ ರಸ್ತೆಯಲ್ಲೇ ಬನ್ನಿ.

ದಂಡೆಯ ಮೇಲೆ ಎರಡನೇ ಆಟ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 'ಪೆರಿಯ' ಎಂಬ ಮಾತಿನ 'ಪ'ವನ್ನು 'ಹ' ಮಾಡಿ ನೋಡಿ. 'ಹಿರಿಯ' ಹತ್ತಿರ ಬಂತಲ್ಲ? ಕುಳಂ ಎಂದರೆ ಕೊಳ. ಹಿರಿಯ ಕೊಳ! ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ, ಪೂ ಎಂದರೆ ಹೂ, ಪಲ್ ಎಂದರೆ ಹಲ್ಲು, ಪತ್ತು ಎಂದರೆ ಹತ್ತು. ಹಳಗನ್ನಡದಲ್ಲಿ ನಮ್ಮವರೂ ಪಾಲ್, ಪುಲಿ ಎಂದೇ ಹೇಳುತ್ತಿದ್ದರು. ಸುಮಾರು ಸಾವಿರ ವರ್ಷದ ಹಿಂದಿನಿಂದ ಕನ್ನಡದ 'ಪ' ನಿಧಾನವಾಗಿ 'ಹ' ಆಗುತ್ತಾ ಬಂತು, ತಮಿಳಿನಲ್ಲಿ ಹಾಗೇ ಉಳಿಯಿತು. ಇನ್ನೊಂದು ಜೋಡಿ 'ವ' ಮತ್ತು 'ಬ': ವಾಯ್ ಬಾಯಿ, ವೇರ್ ಬೇರು, ವಿಲ್ ಬಿಲ್ಲು. ಕೆರೆಯಲ್ಲಿ ಬಾತುಕೋಳಿ ಕಂಡರೆ ತಮಿಳಿನಲ್ಲಿ ಏನೆನ್ನಬಹುದು ಎಂದು ಮಗುವನ್ನೇ ಕೇಳಿ. 'ವಾತ್ತು' ಎಂದು ತಾನಾಗಿಯೇ ಹೇಳಿದರೆ ಆ ಮುಖ ನೋಡಬೇಕು!

ಎಲ್ಲ ಹೆಸರೂ ಹೀಗೆ ಸುಲಭವಾಗಿ ಸಿಗುವುದಿಲ್ಲ, ಅದೂ ಮಜವೇ. ಕೊಕ್ಕರೆಗೆ ಕೊಕ್ಕು, ನೀರುಕಾಗೆಗೆ ನೀರ್‌ಕಾಗಂ. ಕೊಕ್ಕಿನ ಕೆಳಗೆ ಚೀಲ ಕಟ್ಟಿಕೊಂಡ ಹೆಜ್ಜಾರ್ಲೆ ಬಂದಿದ್ದರೆ ಅದಕ್ಕೆ ತಮಿಳಿನಲ್ಲಿ ಕೂಳೈಕ್ಕಡಾ. ಎಲ್ಲಿಯ ಹೆಜ್ಜಾರ್ಲೆ, ಎಲ್ಲಿಯ ಕೂಳೈಕ್ಕಡಾ! ಹಕ್ಕಿ ನೋಡಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಗ್ಗೆ ಬಿಸಿಲೇರುವ ಮೊದಲು ಇನ್ನೂ ಒಳ್ಳೆಯದು. ಒಂದು ಎಚ್ಚರ: ಊರಿನ ಕೊಳಚೆ ಸೇರಿದ ನೀರದು. ಕೈಕಾಲು ಅದ್ದಲು ಬಿಡಬೇಡಿ.

ಮೀನು ತಿನ್ನುವ ಮನೆಯವರಾದರೆ ಉಕ್ಕಡಂ ಮೀನು ಮಾರುಕಟ್ಟೆಯನ್ನು ಮಕ್ಕಳಿಗೆ ತೋರಿಸಿ. ನಮ್ಮ ಕಡೆ ಕೆರೆ ಮೀನು ಬಿಟ್ಟರೆ ಬೇರೆ ಕಾಣುವುದು ಅಪರೂಪ, ಇಲ್ಲಿ ಕಡಲಿನದೂ ಬಂದು ಬಿದ್ದಿರುತ್ತದೆ. ಜಿಲೇಬಿ ಮೀನಿಗೆ ಎರಡೂ ಭಾಷೆಯಲ್ಲಿ ಜಿಲೇಬಿಯೇ.

ಆತ್ತುಪಾಲಂ ದಾಟಿದರೆ ಕುರಿಚಿ ಕೆರೆ. ಅಲ್ಲಿ ತಮಿಳು ಅಕ್ಷರಗಳನ್ನೇ ಜೋಡಿಸಿ ಮಾಡಿದ ತಿರುವಳ್ಳುವರ್ ಪ್ರತಿಮೆ ಇದೆ. ಮಗುವಿನ ಹೆಸರಿನ ಅಕ್ಷರಗಳನ್ನು ಅದರಲ್ಲಿ ಹುಡುಕಿಸಿ. ತಮಿಳಿನಲ್ಲಿ ಸ್ವರ, ವ್ಯಂಜನ, ಗುಣಿತ ಎಲ್ಲ ಸೇರಿಸಿ ಅಕ್ಷರ 247 ಎಂದು ಲೆಕ್ಕ. ನಾವು ಗುಣಿತ ಬಿಟ್ಟು 49 ಎನ್ನುತ್ತೇವೆ. ಲೆಕ್ಕ ಹಾಕುವ ರೀತಿಯೇ ಬೇರೆ, ಅಷ್ಟೆ.

ಬಿಸಿಲು ಜೋರಾದರೆ ಆರ್.ಎಸ್. ಪುರಂನ ಗ್ಯಾಸ್ ಅರಣ್ಯ ಮ್ಯೂಸಿಯಂಗೆ ಹೋಗಬಹುದು. 1902ರದ್ದು, ಮರ ಮತ್ತು ಕಾಡುಪ್ರಾಣಿಗಳ ಹಳೆಯ ಸಂಗ್ರಹ. ಕೃಷಿ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ತೆರೆದ ಕೀಟ ಮ್ಯೂಸಿಯಂ ಕೂಡ ಮಕ್ಕಳಿಗೆ ಹಿಡಿಸುತ್ತದೆ. ಎರಡಕ್ಕೂ ಹೊರಡುವ ಮೊದಲು ಬಾಗಿಲು ತೆರೆದಿರುವ ದಿನ, ಹೊತ್ತು ವಿಚಾರಿಸಿಕೊಳ್ಳಿ. ನಾವು ಚಿಕ್ಕವರಿದ್ದಾಗ ನೋಡಿದ ವ.ಉ.ಚಿ. ಪಾರ್ಕಿನ ಮೃಗಾಲಯವನ್ನು ನೆನೆದು ಮಕ್ಕಳಿಗೆ ಮಾತು ಕೊಟ್ಟುಬಿಡಬೇಡಿ, 2022ರಲ್ಲೇ ಅದರ ಮಾನ್ಯತೆ ರದ್ದಾಗಿದೆ.

ಇನ್ನು ಪುಸ್ತಕ. ಹಳೆ ಪುಸ್ತಕಕ್ಕೆ ಉಕ್ಕಡಂ ಹೆಸರುವಾಸಿ. ಪಠ್ಯಪುಸ್ತಕಗಳೇ ಹೆಚ್ಚು, ಆದರೂ ಹುಡುಕಿದರೆ ತಮಿಳಿನ ಚಿತ್ರಕಥೆ ಪುಸ್ತಕ ಸಿಕ್ಕೀತು. ಕನ್ನಡದ್ದು ಬೇಕಾದರೆ ಚಾಮರಾಜನಗರ, ಮೈಸೂರಿನಲ್ಲೇ ಕೊಳ್ಳುವುದು ಸುಲಭ. ನನ್ನ ಸಲಹೆ ಇಷ್ಟು: ಒಂದೇ ಕಥೆಯನ್ನು ಎರಡೂ ಭಾಷೆಯಲ್ಲಿ ಕೊಳ್ಳಿ. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಮೂರೂ ಕನ್ನಡದಲ್ಲೂ ತಮಿಳಿನಲ್ಲೂ ಮಕ್ಕಳ ಪುಸ್ತಕ ತರುತ್ತವೆ. ಕೊಳ್ಳಲು ಆಗದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಅಲ್ಲಿ ಓದಿನ ಮಟ್ಟ ನೋಡಿ ಕಥೆ ಆರಿಸಿಕೊಳ್ಳಬಹುದು. ಒಂದು ರಾತ್ರಿ ಅಪ್ಪ ಕನ್ನಡದಲ್ಲಿ ಓದಲಿ, ಮಾರನೇ ರಾತ್ರಿ ಅದೇ ಚಿತ್ರ ತೋರಿಸಿ ಮಗು ತಮಿಳಿನಲ್ಲಿ ಓದಿ ಹೇಳಲಿ. ಕಥೆ ಮೊದಲೇ ಗೊತ್ತಿರುವುದರಿಂದ ಅಕ್ಷರಕ್ಕೆ ಹೆದರಿಕೆ ಇರುವುದಿಲ್ಲ.

ವಾಪಸ್ ಹೊರಡುವುದು ಮಾತ್ರ ತಡ ಮಾಡಬೇಡಿ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಾಮಾನ್ಯ, ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ. ಹುಲಿ ಕಾಡಾದ್ದರಿಂದ ಹೈಕೋರ್ಟ್ ಆದೇಶದಂತೆ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಾಡಿಗೆ ಗಾಡಿಯವರು ಕತ್ತಲಾಗುವ ಮೊದಲೇ ಬಣ್ಣಾರಿ ಚೆಕ್‌ಪೋಸ್ಟ್ ದಾಟಬೇಕು. ಗುಂಡ್ಲುಪೇಟೆ ಕಡೆಗೆ ಊಟಿ ದಾರಿಯಲ್ಲಿ ಹೋಗುವವರಿಗೆ ಬಂಡೀಪುರದಲ್ಲಿ ರಾತ್ರಿ 9ರ ಗಡುವು. ಮಧ್ಯಾಹ್ನ 3ಕ್ಕೆ ಉಕ್ಕಡಂ ಬಿಟ್ಟರೆ ಎರಡೂ ಕಡೆಯವರಿಗೆ ಹೊತ್ತು ಸಾಲುತ್ತದೆ.