ಈಜುಕೊಳದಿಂದ ಕಿರುತೆರೆಗೆ: ಡೋನಾ ಡಿ ವರೋನಾ ಅವರ ಎರಡು ಬದುಕು

ಕ್ರೀಡಾಪಟುವಿನ ಆಯಸ್ಸು ಅಲ್ಪವೆಂಬುದನ್ನು ನಾವೆಲ್ಲ ಬಲ್ಲೆವು. ಕ್ರಿಕೆಟಿಗರಾದರೆ ಮೂವತ್ತೈದರವರೆಗೆ ಆಡಬಹುದು. ಆಮೇಲೆ ವೀಕ್ಷಕ ವಿವರಣೆ, ತರಬೇತಿ, ಆಯ್ಕೆ ಸಮಿತಿ ಎಂದು ಹತ್ತು ದಾರಿಗಳು ತೆರೆದಿರುತ್ತವೆ. ಆದರೆ ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು ಕೊರಳಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಹದಿನೇಳನೆಯ ವಯಸ್ಸಿಗೇ ‘ಇನ್ನು ಮುಂದೇನು?’ ಎಂದು ಕೇಳಿಕೊಳ್ಳಬೇಕಾದ ಕಾಲವೊಂದಿತ್ತು. ಅದೂ ಬಡ ದೇಶದಲ್ಲಲ್ಲ, ಈಜುಗಾರಿಕೆಯಲ್ಲಿ ಜಗತ್ತಿಗೇ ಮುಂದಿದ್ದ ಅಮೆರಿಕದಲ್ಲಿ. ಆ ಹುಡುಗಿಯ ಹೆಸರು ಡೋನಾ ಡಿ ವರೋನಾ. ಆಕೆ ಈಜುಕೊಳದಿಂದ ಕಿರುತೆರೆಗೆ ನಡೆದ ಬಗೆಯನ್ನೂ ಆ ನಡೆಯ ಹಿಂದಿದ್ದ ಕಾರಣಗಳನ್ನೂ ಇಲ್ಲಿ ವಿವರಿಸಲೆತ್ನಿಸಿದ್ದೇವೆ.

ಡೋನಾ ಹುಟ್ಟಿದ್ದು 1947ರ ಏಪ್ರಿಲ್ 26ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ತಂದೆ ಕಾಲೇಜು ದಿನಗಳಲ್ಲಿ ದೋಣಿ ಸ್ಪರ್ಧೆ ಮತ್ತು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದವರು. ಮನೆಯಲ್ಲಿ ಕ್ರೀಡೆಯ ವಾತಾವರಣವಿತ್ತು. ಆದರೆ ಹುಡುಗಿಗೆ ಮೊದಲು ಆಸೆಯಾದದ್ದು ನೀರಿನ ಮೇಲಲ್ಲ, ಬೇಸ್‌ಬಾಲ್ ಮೇಲೆ. ಅಣ್ಣ ಆಡುತ್ತಿದ್ದ ಮಕ್ಕಳ ಲೀಗಿನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಡೋನಾ ಆಟಗಾರರ ಬ್ಯಾಟುಗಳನ್ನು ಎತ್ತಿಡುವ ಕೆಲಸದಲ್ಲಿಯೇ ತೃಪ್ತಿಪಡಬೇಕಾಯಿತು. ಆ ಲೀಗ್ ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ. ಅಷ್ಟರಲ್ಲಿ ಡೋನಾ ಇಪ್ಪತ್ತೇಳು ವರ್ಷದವರಾಗಿದ್ದರು. ಈಜುಕೊಳದಲ್ಲಿ ಮಾತ್ರ ಹುಡುಗಿಯರನ್ನು ಯಾರೂ ತಡೆಯುತ್ತಿರಲಿಲ್ಲ. ಒಂದು ವಯಸ್ಸಿನವರೆಗೆ, ಎಂದು ಸೇರಿಸಬೇಕಾಗುತ್ತದೆ.

1960ರಲ್ಲಿ ಹದಿಮೂರರ ಡೋನಾ ರೋಮ್ ಒಲಿಂಪಿಕ್ಸ್‌ಗೆ ಹೊರಟ ಅಮೆರಿಕ ತಂಡದ ಅತ್ಯಂತ ಕಿರಿಯ ಸದಸ್ಯೆಯಾದರು. (2024ರ ಪ್ಯಾರಿಸ್ ಕ್ರೀಡಾಕೂಟಕ್ಕೆ ಹೋದ ಭಾರತ ತಂಡದಲ್ಲಿಯೂ ಅತಿ ಕಿರಿಯಳೆನಿಸಿದ್ದು ನಮ್ಮ ಬೆಂಗಳೂರಿನ ಈಜುಗಾರ್ತಿ, ಹದಿನಾಲ್ಕರ ಧಿನಿಧಿ ದೇಸಿಂಘು ಎಂಬುದು ಓದುಗರಿಗೆ ನೆನಪಿರಬಹುದು.) ರೋಮ್‌ಗೆ ಹೊರಡುವ ಮುನ್ನವೇ ಡೋನಾ 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ವಿಶ್ವದಾಖಲೆ ಸ್ಥಾಪಿಸಿದ್ದರು. ಆದರೆ ಆ ಸ್ಪರ್ಧೆಯೇ ಆಗ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ! ಆದ್ದರಿಂದ ಆಕೆ ಫ್ರೀಸ್ಟೈಲ್ ರಿಲೇ ತಂಡದಲ್ಲಿ ಸ್ಥಾನ ಪಡೆದು, ಪ್ರಾಥಮಿಕ ಸುತ್ತಿನಲ್ಲಿ ಮಾತ್ರ ಈಜಿದರು. ಅಂತಿಮ ಸುತ್ತಿನಲ್ಲಿ ಬೇರೆಯವರು ಈಜಿ ಚಿನ್ನ ಗೆದ್ದರು. ಪ್ರಾಥಮಿಕ ಸುತ್ತಿನಲ್ಲಷ್ಟೇ ಈಜಿದವರಿಗೆ ಪದಕ ಕೊಡುವ ಪದ್ಧತಿ ಅಂದು ಇರಲಿಲ್ಲವಾದ್ದರಿಂದ ಡೋನಾ ಬರಿಗೈಯಲ್ಲಿ ಮರಳಿದರು.

ಮೆಡ್ಲೆ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳುವುದು ಒಳ್ಳೆಯದು. ಏಕೆಂದರೆ ಡೋನಾ ಅವರ ಮುಂದಿನ ವೃತ್ತಿಗೂ ಅದಕ್ಕೂ ಸಂಬಂಧವಿದೆ. ಒಬ್ಬರೇ ಈಜುಗಾರರು ನಾಲ್ಕೂ ಶೈಲಿಗಳಲ್ಲಿ ನೂರು ನೂರು ಮೀಟರ್ ಈಜಬೇಕು. ಮೊದಲು ಬಟರ್‌ಫ್ಲೈ, ಅನಂತರ ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್, ಬಳಿಕ ಕಪ್ಪೆಯಂತೆ ಕಾಲು ಚಿಮ್ಮುವ ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಫ್ರೀಸ್ಟೈಲ್. ಆರಂಭದಲ್ಲಿಯೇ ಬರುವ ಬಟರ್‌ಫ್ಲೈ ಹೆಗಲನ್ನು ಹಿಂಡಿಬಿಡುತ್ತದೆ. ಅಲ್ಲಿ ಉತ್ಸಾಹದಿಂದ ಮುನ್ನುಗ್ಗಿದವರು ಕೊನೆಯ ನೂರು ಮೀಟರಿನಲ್ಲಿ ಅದರ ಬೆಲೆ ತೆರುತ್ತಾರೆ. ಬ್ರೆಸ್ಟ್‌ಸ್ಟ್ರೋಕ್ ನಾಲ್ಕರಲ್ಲಿ ಅತಿ ನಿಧಾನದ್ದು. ಅದರಲ್ಲಿ ದುರ್ಬಲರಾದವರು ಅಲ್ಲಿಯವರೆಗೆ ಗಳಿಸಿದ ಮುನ್ನಡೆಯನ್ನೆಲ್ಲ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮೆಡ್ಲೆಯಲ್ಲಿ ನೂರು ಮೀಟರಿನ ಬಳಿ ಯಾರು ಮುಂದಿದ್ದಾರೆಂಬುದು ಮುಖ್ಯವಲ್ಲ, ಅವರು ಯಾವ ಶೈಲಿಯಲ್ಲಿ ಬಲಶಾಲಿಗಳೆಂಬುದು ಮುಖ್ಯ. ಅದನ್ನು ಅರಿಯದೆ ನೋಡಿದರೆ ಬರಿಯ ನೀರೆರಚಾಟ. ಅರಿತು ನೋಡಿದರೆ ಚದುರಂಗ.

ಸಾಂತಾ ಕ್ಲಾರಾ ಕ್ಲಬ್ಬಿನ ಪ್ರಸಿದ್ಧ ತರಬೇತುದಾರ ಜಾರ್ಜ್ ಹೇನ್ಸ್ ಅವರ ಕೈಕೆಳಗೆ ಪಳಗಿದ ಡೋನಾ 1964ರ ಹೊತ್ತಿಗೆ ಈ ಚದುರಂಗದಲ್ಲಿ ಎದುರಾಳಿಯೇ ಇಲ್ಲದಂತಾಗಿದ್ದರು. ಆ ವರ್ಷ ಟೋಕಿಯೋದಲ್ಲಿ 400 ಮೀಟರ್ ಮೆಡ್ಲೆ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರ್ಪಡೆಯಾಯಿತು. ಡೋನಾ 5 ನಿಮಿಷ 18.7 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಎರಡನೆಯವರು ಐದು ಸೆಕೆಂಡಿಗೂ ಹೆಚ್ಚು ಹಿಂದಿದ್ದರು. ಈಜಿನಲ್ಲಿ ಐದು ಸೆಕೆಂಡು ಎಂದರೆ ಸಣ್ಣ ಅಂತರವಲ್ಲ. ಮೂರು ಪದಕಗಳೂ ಅಮೆರಿಕದ ಪಾಲಾದವು. 4x100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ತಂಡವು 4 ನಿಮಿಷ 3.8 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಗೆದ್ದು, ರೋಮ್‌ನಲ್ಲಿ ಕೈತಪ್ಪಿದ್ದ ರಿಲೇ ಚಿನ್ನವೂ ಡೋನಾ ಅವರ ಕೈಸೇರಿತು.

ಅಲ್ಲಿಗೆ ದಾರಿ ಮುಗಿಯಿತು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಅದೇ ಸಾಂತಾ ಕ್ಲಾರಾ ಕ್ಲಬ್ಬಿನ, ಅದೇ ಗುರುವಿನ ಶಿಷ್ಯನಾದ ಡಾನ್ ಶೋಲ್ಯಾಂಡರ್ ಅವರತ್ತ ನೋಡಬೇಕು. ಟೋಕಿಯೋದಲ್ಲಿ ನಾಲ್ಕು ಚಿನ್ನ ಗೆದ್ದ ಆತ ಯೇಲ್ ವಿಶ್ವವಿದ್ಯಾಲಯ ಸೇರಿ, ಅಲ್ಲಿನ ತಂಡದಲ್ಲಿ ಈಜುತ್ತ, ಅಲ್ಲಿನ ಕೊಳ ಮತ್ತು ತರಬೇತುದಾರರ ನೆರವಿನಿಂದ 1968ರ ಮೆಕ್ಸಿಕೋ ಒಲಿಂಪಿಕ್ಸ್‌ವರೆಗೂ ಮುಂದುವರಿದರು. ಅಮೆರಿಕದಲ್ಲಿ ಶಾಲೆ ಮುಗಿಸಿದ ಈಜುಗಾರನನ್ನು ಸಾಕುವುದು ವಿಶ್ವವಿದ್ಯಾಲಯಗಳೇ. ಡೋನಾ ಅವರಿಗೆ ಅಂಥ ಯಾವ ವಿಶ್ವವಿದ್ಯಾಲಯವೂ ಕಾದಿರಲಿಲ್ಲ. ಹುಡುಗಿಯರಿಗೆ ಈಜಿನ ವಿದ್ಯಾರ್ಥಿವೇತನವೆಂಬುದೇ ಅಂದು ಇರಲಿಲ್ಲ. ಆ ದೇಶದ ಕಾಲೇಜು ಕ್ರೀಡೆಯ ಪ್ರಧಾನ ಸಂಸ್ಥೆಯು ಮಹಿಳೆಯರಿಗಾಗಿ ಈಜು ಚಾಂಪಿಯನ್‌ಷಿಪ್ ಆರಂಭಿಸಿದ್ದು 1982ರಲ್ಲಿ ಎಂದರೆ ಪರಿಸ್ಥಿತಿ ಅರ್ಥವಾದೀತು. ಜೊತೆಗೆ, ಕ್ರೀಡೆಯಿಂದ ಒಂದು ಕಾಸು ಪಡೆದರೂ ಒಲಿಂಪಿಕ್ಸ್‌ನಿಂದ ಹೊರಗಟ್ಟುವ ಹವ್ಯಾಸಿ ನಿಯಮ ಬಿಗಿಯಾಗಿ ಜಾರಿಯಲ್ಲಿತ್ತು. ಕೈತುಂಬ ದಾಖಲೆಗಳಿದ್ದರೂ ಅವುಗಳಿಂದ ಹೊಟ್ಟೆ ತುಂಬುವಂತಿರಲಿಲ್ಲ. 1965ರಲ್ಲಿ ಡೋನಾ ನಿವೃತ್ತರಾದರು.

ಈಜು ಬಿಟ್ಟವರು ಪರದೆಯತ್ತ ಹೋಗುವುದು ಅಷ್ಟರಲ್ಲಾಗಲೇ ಹೊಸದಾಗಿರಲಿಲ್ಲ. 1924 ಮತ್ತು 1928ರ ಒಲಿಂಪಿಕ್ಸ್‌ಗಳಲ್ಲಿ ಐದು ಈಜು ಚಿನ್ನ ಗೆದ್ದ ಜಾನಿ ವೈಸ್‌ಮುಲ್ಲರ್ ಅವರನ್ನು ನಮ್ಮ ಹಿರಿಯರು ಟಾರ್ಜಾನ್ ಆಗಿಯೇ ಬಲ್ಲರು. ಯುದ್ಧದಿಂದಾಗಿ 1940ರ ಒಲಿಂಪಿಕ್ಸ್ ರದ್ದಾದಾಗ ಅವಕಾಶ ಕಳೆದುಕೊಂಡ ರಾಷ್ಟ್ರೀಯ ಚಾಂಪಿಯನ್ ಎಸ್ತರ್ ವಿಲಿಯಮ್ಸ್ ಹಾಲಿವುಡ್ಡಿನ ಜಲಸುಂದರಿಯಾಗಿ ಮೆರೆದರು. ಆದರೆ ಅವರಿಬ್ಬರಿಂದ ಚಿತ್ರರಂಗ ಬಯಸಿದ್ದು ಮೈಕಟ್ಟನ್ನು, ಈಜುವ ಚೆಲುವನ್ನು. ಡೋನಾ ಮಾರಬೇಕೆಂದಿದ್ದುದು ತಮ್ಮ ತಿಳಿವಳಿಕೆಯನ್ನು. ವ್ಯತ್ಯಾಸ ಸಣ್ಣದಲ್ಲ.

ಎಬಿಸಿ ದೂರದರ್ಶನ ಜಾಲವು 1961ರಿಂದ ‘ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್’ ಎಂಬ ವಾರದ ಕಾರ್ಯಕ್ರಮ ನಡೆಸುತ್ತಿತ್ತು. ಜನಪ್ರಿಯ ಆಟಗಳ ಪ್ರಸಾರ ಹಕ್ಕು ದುಬಾರಿಯಾದ್ದರಿಂದ, ಅದು ಈಜು, ಜಿಮ್ನಾಸ್ಟಿಕ್ಸ್, ಸ್ಕೀಯಿಂಗ್‌ನಂತಹ, ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡದ ಕ್ರೀಡೆಗಳನ್ನು ಮನೆಮನೆಗೆ ತಂದಿತು. ಅದರ ಹಿಂದಿದ್ದ ರೂನ್ ಆರ್ಲೆಡ್ಜ್ ಅವರಿಗೆ ಒಂದು ವಿಷಯ ಸ್ಪಷ್ಟವಿತ್ತು: ಅಪರಿಚಿತ ಆಟವನ್ನು ಜನ ನೋಡಬೇಕಾದರೆ ಅದನ್ನು ಬಲ್ಲವರು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಬೇಕು. ಡೋನಾ 1965ರಲ್ಲಿ ಅಲ್ಲಿ ಧ್ವನಿವರ್ಧಕ ಹಿಡಿದರು. ಅಮೆರಿಕದ ರಾಷ್ಟ್ರೀಯ ಜಾಲವೊಂದರಲ್ಲಿ ಕ್ರೀಡಾ ವಿವರಣೆಗೆ ಬಂದ ಮೊಟ್ಟಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ನಿಲ್ಲುತ್ತದೆ. ಪಕ್ಕದಲ್ಲಿದ್ದವರೆಲ್ಲ ಗಂಡಸರು, ಬಹುತೇಕ ತಂದೆಯ ವಯಸ್ಸಿನವರು.

ಈಜು ಸ್ಪರ್ಧೆಗೆ ವಿವರಣೆ ನೀಡುವುದು ಕ್ರಿಕೆಟ್ಟಿನಷ್ಟು ಸುಲಭವಲ್ಲವೆಂಬುದು ನಮ್ಮ ಅನಿಸಿಕೆ. ಕ್ರಿಕೆಟ್ಟಿನಲ್ಲಿ ಎರಡು ಎಸೆತಗಳ ನಡುವೆ ಉಸಿರಾಡಲು, ಹಳೆಯ ಕಥೆಯೊಂದನ್ನು ಹೇಳಲು ಬಿಡುವಿರುತ್ತದೆ. ಈಜಿನಲ್ಲಿ ನೂರು ಮೀಟರ್ ಒಂದು ನಿಮಿಷದೊಳಗೆ ಮುಗಿಯುತ್ತದೆ. ಆಟಗಾರರ ಮುಖ ಕಾಣುವುದಿಲ್ಲ, ಮೈಯ ಬಹುಭಾಗ ನೀರಿನಡಿಯಲ್ಲಿರುತ್ತದೆ. ಕಾಣುವುದು ತಲೆಯ ಟೋಪಿ, ಎತ್ತಿದ ಮೊಳಕೈ, ನೊರೆ. ಯಾರ ತೋಳಿನ ಬೀಸು ಬೇಗ ಬೇಗ ಬೀಳುತ್ತಿದೆ, ಆದರೆ ದೂರ ಸಾಗುತ್ತಿಲ್ಲ. ಯಾರು ಗೋಡೆ ಮುಟ್ಟಿ ತಿರುಗುವಾಗ ಅರ್ಧ ಕ್ಷಣ ಕಳೆದುಕೊಂಡರು. ಎರಡನೆಯ ನೂರು ಮೀಟರಿನ ಸಮಯ ಮೊದಲನೆಯದಕ್ಕಿಂತ ಎಷ್ಟು ಕುಸಿಯಿತು — ಇದನ್ನೆಲ್ಲ ಕಂಡ ಮರುಕ್ಷಣವೇ ಸಾಮಾನ್ಯ ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ನಾಲ್ಕು ಶೈಲಿಗಳನ್ನೂ ಸ್ವತಃ ಮೈಮುರಿದು ಕಲಿತಿದ್ದ ಮೆಡ್ಲೆ ಚಾಂಪಿಯನ್ನಿಗಿಂತ ಈ ಕೆಲಸಕ್ಕೆ ಹೆಚ್ಚು ಸಿದ್ಧರಾದವರು ಯಾರಿದ್ದಾರು? ಯಾವ ಸ್ಪರ್ಧೆಗೂ ಆಕೆ ಹೊರಗಿನವರಾಗಿರಲಿಲ್ಲ.

1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡೋನಾ ಎಬಿಸಿ ತಂಡದಲ್ಲಿದ್ದರು. ಟೋಕಿಯೋದಲ್ಲಿ ಮಹಿಳೆಯರಿಗಿದ್ದ ಈಜು ಸ್ಪರ್ಧೆಗಳು ಎಂಟು. ಮೆಕ್ಸಿಕೋದಲ್ಲಿ ಅವು ಹದಿನಾಲ್ಕಾಗಿದ್ದವು. ಡೋನಾ ಅವರ 400 ಮೀಟರ್ ಮೆಡ್ಲೆಯನ್ನೂ ಹೊಸದಾಗಿ ಬಂದ 200 ಮೀಟರ್ ಮೆಡ್ಲೆಯನ್ನೂ ಗೆದ್ದವರು ಸಾಂತಾ ಕ್ಲಾರಾ ಕ್ಲಬ್ಬಿನವರೇ ಆದ ಕ್ಲಾಡಿಯಾ ಕೋಲ್ಬ್. ಡೋನಾ ಅವರಿಗೆ ಆಗ ಕೇವಲ ಇಪ್ಪತ್ತೊಂದು. ಈಜುವ ವಯಸ್ಸಿನಲ್ಲಿಯೇ ಇದ್ದವರೊಬ್ಬರು ದಡದಲ್ಲಿ ನಿಂತು ಇತರರ ಈಜನ್ನು ವರ್ಣಿಸಬೇಕಾಗಿ ಬಂದಿತ್ತು.

ಅನಂತರದ ವರ್ಷಗಳಲ್ಲಿ ಅವರು ಎನ್‌ಬಿಸಿಗೆ ಹೋಗಿ, ಮತ್ತೆ ಎಬಿಸಿಗೆ ಮರಳಿ, ಒಲಿಂಪಿಕ್ ಕೂಟಗಳ ಪರಿಚಿತ ಮುಖವಾದರು. ವಿಶೇಷ ಚೇತನರ ಸ್ಪೆಷಲ್ ಒಲಿಂಪಿಕ್ಸ್ ಕುರಿತ ಕಾರ್ಯಕ್ರಮಕ್ಕೆ 1991ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂದಿತು. ಆದರೆ ನಮ್ಮ ದೃಷ್ಟಿಯಲ್ಲಿ ಅವರ ಕಿರುತೆರೆಯ ಬದುಕಿನ ಮಹತ್ವವಿರುವುದು ಪ್ರಶಸ್ತಿಯಲ್ಲಲ್ಲ, ಆ ಪರಿಚಿತ ಮುಖವನ್ನು ಅವರು ಬಳಸಿದ ರೀತಿಯಲ್ಲಿ. ಈಜುಗಾರ್ತಿಯಾಗಿ ಅಧಿಕಾರಿಗಳ ಕೋಣೆಯ ಹೊರಗೇ ನಿಲ್ಲಬೇಕಾಗಿದ್ದವರನ್ನು ನಿರೂಪಕಿಯಾದ ಮೇಲೆ ಒಳಕ್ಕೆ ಕರೆಯತೊಡಗಿದರು. 1972ರ ಜೂನ್‌ನಲ್ಲಿ ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ ‘ಟೈಟಲ್ ನೈನ್’ ಎಂಬ ಕಾಯಿದೆ ಅಮೆರಿಕದಲ್ಲಿ ಜಾರಿಗೆ ಬಂದಿತು. ಅದರ ಪಠ್ಯದಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಅದನ್ನು ಶಾಲಾ ಕಾಲೇಜುಗಳ ಕ್ರೀಡಾಂಗಣಕ್ಕೂ ಅನ್ವಯಿಸುವುದಕ್ಕಾಗಿ, ಆಮೇಲೆ ಅದನ್ನು ದುರ್ಬಲಗೊಳಿಸುವ ಯತ್ನಗಳನ್ನು ತಡೆಯುವುದಕ್ಕಾಗಿ ದುಡಿದವರಲ್ಲಿ ಡೋನಾ ಪ್ರಮುಖರು. ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ 1974ರಲ್ಲಿ ಕಟ್ಟಿದ ಮಹಿಳಾ ಕ್ರೀಡಾ ಪ್ರತಿಷ್ಠಾನಕ್ಕೆ ಮೊದಲ ಅಧ್ಯಕ್ಷೆಯಾದವರೂ ಅವರೇ. ಅಧ್ಯಕ್ಷ ಫೋರ್ಡ್ ನೇಮಿಸಿದ ಒಲಿಂಪಿಕ್ ಕ್ರೀಡಾ ಆಯೋಗದಲ್ಲಿ ಸದಸ್ಯರಾಗಿದ್ದರು. ಆ ಆಯೋಗದ ಫಲವಾಗಿ 1978ರ ಹವ್ಯಾಸಿ ಕ್ರೀಡಾ ಕಾಯಿದೆ ಬಂದಿತು.

1971-72ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಕ್ರೀಡಾ ತಂಡಗಳಲ್ಲಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಹುಡುಗರು ಮೂವತ್ತಾರು ಲಕ್ಷ. ಇಂದು ಹುಡುಗಿಯರ ಸಂಖ್ಯೆ ಮೂವತ್ತು ಲಕ್ಷವನ್ನು ಮೀರಿದೆ. ಇದು ಒಬ್ಬಿಬ್ಬರ ಸಾಧನೆಯಲ್ಲ, ನಿಜ. ಆದರೆ ಸಂಸತ್ತಿನ ಸಮಿತಿಗಳ ಮುಂದೆ ಹೋಗಿ ಮಾತನಾಡಬಲ್ಲ, ಮಾತನಾಡಿದರೆ ಪತ್ರಿಕೆಗಳು ಬರೆದುಕೊಳ್ಳುವ ವ್ಯಕ್ತಿಯೊಬ್ಬರು ಬೇಕಿತ್ತು. 1999ರಲ್ಲಿ ಅಮೆರಿಕದಲ್ಲಿ ನಡೆದ ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನ ಸಂಘಟನಾ ಸಮಿತಿಗೆ ಅಧ್ಯಕ್ಷೆಯಾಗಿದ್ದವರೂ ಡೋನಾ. ಜುಲೈ 10ರಂದು ಚೀನಾ ಎದುರಿನ ಅಂತಿಮ ಪಂದ್ಯಕ್ಕೆ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಪ್ರೇಕ್ಷಕರು ನೆರೆದಿದ್ದರು. ಹೆಂಗಸರ ಆಟ ನೋಡಲು ಯಾರು ಬರುತ್ತಾರೆ ಎಂದು ಹುಬ್ಬೇರಿಸಿದವರಿಗೆ ಅಂದು ಉತ್ತರ ಸಿಕ್ಕಿತು.

ಇಷ್ಟಾದರೂ ಕಿರುತೆರೆ ಅವರನ್ನು ಸುಲಭವಾಗಿ ಉಳಿಸಿಕೊಳ್ಳಲಿಲ್ಲ. 1998ರಲ್ಲಿ ಎಬಿಸಿ ಅವರೊಂದಿಗಿನ ಒಪ್ಪಂದವನ್ನು ನವೀಕರಿಸಲಿಲ್ಲ. ಆಗ ಅವರಿಗೆ ಐವತ್ತೊಂದು ವರ್ಷ. ತಮ್ಮನ್ನು ಕೈಬಿಟ್ಟದ್ದು ವಯಸ್ಸು ಮತ್ತು ಹೆಣ್ಣೆಂಬ ಕಾರಣಕ್ಕೆ ಎಂದು ಆರೋಪಿಸಿ 2000ದಲ್ಲಿ 5 ಕೋಟಿ ಡಾಲರ್ ಪರಿಹಾರ ಕೋರಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಮುಂದೆ ಆ ವ್ಯಾಜ್ಯ ಸಂಧಾನದಲ್ಲಿ ಮುಗಿಯಿತು. ಕ್ರೀಡಾ ಪ್ರಸಾರದ ಕುರ್ಚಿಗಳಲ್ಲಿ ನರೆಗೂದಲಿನ ಗಂಡಸರನ್ನು ನಾವು ಎಷ್ಟೋ ಕಂಡಿದ್ದೇವೆ. ಅದೇ ವಯಸ್ಸಿನ ಹೆಂಗಸರು ಎಷ್ಟು ಮಂದಿ ಎಂದು ಓದುಗರು ತಮ್ಮ ಮನೆಯ ಟಿ.ವಿ. ನೋಡಿಯೇ ಎಣಿಸಬಹುದು.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ತನ್ನ ಉನ್ನತ ಗೌರವವಾದ ಒಲಿಂಪಿಕ್ ಆರ್ಡರ್ ಅನ್ನು ಡೋನಾ ಅವರಿಗೆ ನೀಡಿದ್ದು ಕೂಡ ಆ 2000ದಲ್ಲಿಯೇ. ಅದೇ ವರ್ಷ ಸಿಡ್ನಿಯ ಕೊಳದಲ್ಲಿ ಬೆಂಗಳೂರಿನ ನಿಶಾ ಮಿಲೆಟ್ ಭಾರತದ ಪರವಾಗಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಪುರುಷರು ಶತಮಾನದಿಂದ ಈಜುತ್ತ ಬಂದಿದ್ದ 1500 ಮೀಟರ್ ಸ್ಪರ್ಧೆಯಾದರೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ದೊರೆಯಲು ಇನ್ನೂ ಇಪ್ಪತ್ತೊಂದು ವರ್ಷ ಬೇಕಾಯಿತು. ಅದು ನಡೆದದ್ದು 2021ರಲ್ಲಿ, ಡೋನಾ ಎರಡು ಚಿನ್ನ ಗೆದ್ದಿದ್ದ ಟೋಕಿಯೋ ನಗರದಲ್ಲಿ.